ವರ್ಷ ತುಂಬದ ಮನೆಗೆ ಬಾರದ ತಾಟು

ಈ ಸಲ ಕ್ರಿಸ್‌ಮಸ್ ದಿನ ಬೆಳಿಗ್ಗೆ ನಾನು ಮೂರು ಸಲ ಬಾಗಿಲು ತೆಗೆದು ನೋಡಿದೆ. ಒಂದು ತಾಟಿಗಾಗಿ.

(ಅರವತ್ತು ದಾಟಿದವನು ತಿಂಡಿಗೆ ಕಾಯುವುದೇ ಎಂದು ನಗಬೇಡಿ. ಕಾದದ್ದು ತಿಂಡಿಗಲ್ಲ.)

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆ ಸುಗುಣಮ್ಮನವರದು. ನರ್ಸ್ ಆಗಿದ್ದು ರಿಟೈರ್ ಆದವರು. ಕ್ರಿಸ್‌ಮಸ್ಸಿಗೆ ಎರಡು ದಿನ ಇದೆ ಎನ್ನುವಾಗ ನನ್ನ ಹೆಂಡತಿ ಶಾರದಾ ಮಣೆ, ಲಟ್ಟಣಿಗೆ ಹಿಡಿದು ಅವರ ಅಡುಗೆಮನೆಗೆ ಹೊರಟುಬಿಡುತ್ತಿದ್ದಳು. ಇಬ್ಬರೂ ಕೂತು ಕರ್ಚಿಕಾಯಿ ಮಾಡುವರು. ದೀಪಾವಳಿಗೆ ಸುಗುಣಮ್ಮನವರ ಸವಾರಿ ನಮ್ಮ ಮನೆಗೆ. ಏಸುವಿನ ಹಬ್ಬಕ್ಕೂ ಲಕ್ಷ್ಮಿಯ ಹಬ್ಬಕ್ಕೂ ಒಂದೇ ಹೂರಣ: ಒಣಕೊಬ್ಬರಿ, ಪುಟಾಣಿ, ಬೆಲ್ಲ. ಹಬ್ಬದ ಬೆಳಿಗ್ಗೆ ಚರ್ಚಿನಿಂದ ಬಂದವರೇ ಸುಗುಣಮ್ಮ ತಾಟು ತರುವರು. "ನೀನ ಮಾಡಿದ್ದು, ನೀನ ತಿನ್ನು" ಎಂದು ಶಾರದಾಳ ಕೈಗಿಡುವರು.

ಶಾರದಾ ಶ್ರಾವಣದಲ್ಲಿ ತೀರಿಕೊಂಡಳು. ನಮ್ಮಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವುದಿಲ್ಲ. ದಸರಾ, ದೀಪಾವಳಿ ಹಾಗೇ ಹೋದವು. ಅದು ಅಷ್ಟು ಕಷ್ಟವಾಗಲಿಲ್ಲ. ಈ ತಾಟು ಬಾರದ್ದು ಕಷ್ಟವಾಯಿತು. ಅವಳೇ ಹೋದ ಮೇಲೆ ಆ ಮನೆಗೂ ನನಗೂ ಏನು ನಂಟು ಉಳಿಯಿತು?

ಹನ್ನೊಂದಕ್ಕೆ ತಡೆಯಲಾರದೆ ಹೋದೆ. ಸುಗುಣಮ್ಮ ಚರ್ಚಿಗೆ ಉಟ್ಟ ಸೀರೆಯಲ್ಲೇ ಸುಮ್ಮನೆ ಕೂತಿದ್ದರು. ಟೀಪಾಯಿಯ ಮೇಲೆ ಬೇಕರಿ ಕೇಕು. ಅದನ್ನೂ ಕಟ್ ಮಾಡಿರಲಿಲ್ಲ.

"ಹಬ್ಬದ ದಿನ ನಮ್ಮ ಮನಿ ಮರತ್ರೇನ್ರೀ ಅಕ್ಕಾರೆ?" ಎಂದೆ.

"ವರ್ಷ ತುಂಬಿಲ್ಲಲ್ರೀ ಅಣ್ಣಾರೆ. ಹಬ್ಬದ ತಾಟು ಹೆಂಗ ತರ್ಲಿ?"

"ಅದು ನಮ್ಮ ಹಬ್ಬಕ್ಕ. ನಿಮ್ಮ ಹಬ್ಬಕ್ಕ ಯಾರು ಬ್ಯಾಡ ಅಂದಾರ? ನಾಕು ಕರ್ಚಿಕಾಯಿ ಕೊಡ್ರಿ."

"ಇದ್ರ ಕೊಡ್ತಿದ್ದೆ. ಈ ಸಲ ನಾನೂ ಎಣ್ಣಿ ಇಟ್ಟಿಲ್ಲ."

ಬೆಳಿಗ್ಗೆ ಚರ್ಚಿನಲ್ಲಿ ಈ ವರ್ಷ ತೀರಿಕೊಂಡವರಿಗಾಗಿ ಪ್ರಾರ್ಥನೆ ಇತ್ತಂತೆ. ಇವರು ಶಾರದಾಳ ಹೆಸರನ್ನೂ ಬರೆದು ಕೊಟ್ಟಿದ್ದಾರೆ. "ಈಕಿ ನಮ್ಮ ಸಭೆಯಾಕಿ ಏನ್ರೀ?" ಎಂದು ಪಾದ್ರಿಗಳು ಕೇಳಿದರಂತೆ. "ಅಲ್ರೀ ಅಯ್ಯನೋರೆ, ನಮ್ಮ ಅಡಗಿಮನಿಯಾಕಿ" ಎಂದರಂತೆ ಇವರು. ಪಾದ್ರಿಗಳು ಮತ್ತೇನೂ ಕೇಳದೆ ಹೆಸರು ಓದಿದರಂತೆ.

ನಾನು ಅವರ ಅಡುಗೆಮನೆಯ ಬಾಗಿಲಿಗೆ ಹೋದೆ. ಅಲ್ಲಿಂದಲೇ "ಹಿಟ್ಟು ಅದನ್ರೀ?" ಎಂದೆ.

"ಅದ. ನಿಮಗ ಮಾಡಾಕ ಬರ್ತದೇನು?"

ಬರುವುದಿಲ್ಲ. ಆದರೂ ಕೂತೆ. ನಾನು ಮಡಿಚಿದ ಮೊದಲ ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿ ಬಿಟ್ಟು ಹೂರಣವನ್ನೆಲ್ಲ ಕಾರಿಕೊಂಡಿತು.

"ಶಾರದಾ ಇದ್ದಿದ್ರ ನಿಮ್ಮನ್ನ ಹೊರಗ ಹಾಕ್ತಿದ್ಲು" ಎಂದರು ಸುಗುಣಮ್ಮ. ನಾವಿಬ್ಬರೂ ಆ ದಿನ ನಕ್ಕದ್ದು ಆಗಲೇ.

ಸಂಜೆ ರಾಯಚೂರಿನಿಂದ ನನ್ನ ಅಕ್ಕನ ಫೋನು. ಮಧ್ಯಾಹ್ನ ಏನು ತಿಂದೆ ಎಂದು ಕೇಳಿದಳು. ಹೇಳಿದೆ.

"ವರ್ಷ ತುಂಬಲಾರದ ಮನ್ಯಾಗ ಎಣ್ಣಿ ಇಟ್ಯೇನಪಾ?"

"ನಮ್ಮ ಮನ್ಯಾಗ ಇಟ್ಟಿಲ್ಲಬೇ" ಎಂದೆ.

ಫೋನು ಇಟ್ಟ ಮೇಲಿಂದ ಯೋಚಿಸುತ್ತಲೇ ಇದ್ದೇನೆ. ನಾನು ಹೇಳಿದ್ದು ನಿಜವೇ?