ದ್ವೀಪಕ್ಕೆ ಹೋಗಿ ಬಂದ ಖರ್ಚು

ಅಂಡಮಾನಿನಿಂದ ಬಂದ ಮೇಲೆ ಶಹಾಬಾದಿನಲ್ಲಿ ನನ್ನನ್ನು ಕಂಡವರೆಲ್ಲ ಕೇಳಿದ್ದು ಒಂದೇ: ‘ಎಷ್ಟು ಖರ್ಚಾತ್ರಿ ಅಮ್ಮಾರ?’ ವಿಮಾನದ ಟಿಕೆಟ್ಟು ಮಗಳ ಎಲ್‌ಟಿಸಿಯಲ್ಲಿ ಬಂತು, ರಿಸಾರ್ಟಿನ ಪ್ಯಾಕೇಜ್ ಅಳಿಯ ಕಟ್ಟಿದ ಎಂದು ಹೇಳಿ ಮುಂದೆ ಹೋಗುತ್ತೇನೆ. ಉಳಿದ ಖರ್ಚನ್ನು ರಸ್ತೆಯಲ್ಲಿ ನಿಂತು ಹೇಳಲಾಗುವುದಿಲ್ಲ.

ಸಮುದ್ರ ನೋಡುವ ಆಸೆ ನನ್ನದೇ. ಕಾನ್ವೆಂಟಿನಲ್ಲಿ ಜಿಯಾಗ್ರಫಿ ಸಿಸ್ಟರ್ ನಮ್ಮಿಂದ ‘ಐಲ್ಯಾಂಡ್’ ಎಂದರೇನು ಎಂಬುದನ್ನು ಇಂಗ್ಲಿಷಿನಲ್ಲಿ ರಾಗವಾಗಿ ಹೇಳಿಸುತ್ತಿದ್ದರು: ನಾಲ್ಕೂ ಕಡೆ ನೀರಿರುವ ನೆಲ. ನಾವು ಕಂಡ ನೀಲಿ ನೀರೆಂದರೆ ಕಲ್ಲು ತೆಗೆದು ಬಿಟ್ಟ ಖಣಿಗಳದ್ದು. ಮಳೆಗಾಲ ಮುಗಿದ ಮೇಲೆ ಅಲ್ಲಿ ನೀರು ಗಾಜಿನಂತೆ ನಿಂತಿರುತ್ತಿತ್ತು, ಹತ್ತಿರ ಹೋದರೆ ಮನೆಯಲ್ಲಿ ಪೆಟ್ಟು ಬೀಳುತ್ತಿತ್ತು. ಆದ್ದರಿಂದ ಮಗಳು ಫೋನಿನಲ್ಲಿ ರಿಸಾರ್ಟಿನ ಫೋಟೊ ತೋರಿಸಿ ‘ಬರ್ತೀಯೇನು ಮಮ್ಮಿ?’ ಎಂದಾಗ, ಎಪ್ಪತ್ತು ದಾಟಿದ ನಾನು ಚಿಕ್ಕ ಹುಡುಗಿಯ ಹಾಗೆ ತಲೆ ಆಡಿಸಿದೆ. ಅಳಿಯ ತನ್ನ ತಾಯಿಯನ್ನೂ ಹೊರಡಿಸಿದ. ಹೀಗೆ ನಾನು ಮತ್ತು ಸೇಡಂನ ನನ್ನ ಬೀಗತಿ ಒಂದೇ ರೂಮಿನಲ್ಲಿ, ಟ್ವಿನ್ ಶೇರಿಂಗ್.

ಬೀಗತಿ ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ಇಷ್ಟಲಿಂಗವನ್ನು ಮೈಯಿಂದ ಅಗಲಿಸಿದವರಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರೆರೆದು, ವಿಭೂತಿ ಪತ್ರಿ ಏರಿಸಿ ಪೂಜೆ ಮುಗಿಸುವ ತನಕ ಬಾಯಿಗೆ ಹನಿ ನೀರೂ ಇಲ್ಲ. ನಾನೂ ಅದೇ ಜಾತಿಯವಳು, ಆದರೆ ನನ್ನ ಪೂಜೆ ಹಬ್ಬ ಹುಣ್ಣಿಮೆಗೆ. ಇದನ್ನು ಅವರು ಬಲ್ಲರು, ಬೀಗತನದ ಮರ್ಯಾದೆಗೆ ಸುಮ್ಮನಿದ್ದಾರೆ.

ಲಿಂಗ ಇರುತ್ತಿದ್ದದ್ದು ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಲ್ಲಿ. ಹೊರಡುವ ಮೊದಲು, ವಿಮಾನದಲ್ಲಿ ಕಾಶಿಗೆ ಹೋಗಿ ಬಂದ ಓಣಿಯ ಹೆಂಗಸೊಬ್ಬಳು ಅವರ ತಲೆಯಲ್ಲಿ ಒಂದು ಹುಳು ಬಿಟ್ಟಿದ್ದಳು: ಏರ್‌ಪೋರ್ಟಿನಲ್ಲಿ ಮೈಮೇಲಿನ ಬೆಳ್ಳಿಯನ್ನೆಲ್ಲ ಬಿಚ್ಚಿಸಿ ಟ್ರೇಯಲ್ಲಿ ಹಾಕಿಸುತ್ತಾರೆ, ಚಪ್ಪಲಿಗೂ ಅದೇ ಟ್ರೇ.

‘ಚಪ್ಪಲಿ ಜೋಡಿ ಲಿಂಗ ಹೋಗಬೇಕೇನ್ರಿ ಬೀಗತ್ಯಾರ? ನಾ ಒಲ್ಲೆ’ ಎಂದು ಫೋನಿನಲ್ಲೇ ಹೇಳಿದರು. ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಹೊಸ ಬಿಳಿ ಅರಿವೆಯಲ್ಲಿ ಸುತ್ತಿ, ನೂಲಿನ ದಾರದಿಂದ ಕೊರಳಿಗೆ ಕಟ್ಟಿಕೊಂಡರು. ಗಂಟನ್ನು ತಾವೇ ಹಾಕಿದರು. ಹೈದರಾಬಾದಿನಲ್ಲಿ ಸೆಕ್ಯುರಿಟಿಯ ಯಂತ್ರ ಕಿಮಕ್ ಎನ್ನಲಿಲ್ಲ. ಗೆದ್ದವರ ಹಾಗೆ ನನ್ನ ಕಡೆ ನೋಡಿದರು.

ವಿಮಾನ ಇಳಿದು, ಹಡಗಿನಲ್ಲಿ ಇನ್ನೊಂದು ಸಣ್ಣ ದ್ವೀಪಕ್ಕೆ ಹೋದೆವು. ರಿಸಾರ್ಟು ಫೋಟೊದಲ್ಲಿ ಇದ್ದಂತೆಯೇ ಇತ್ತು. ಹಾಸಿಗೆಯ ಮೇಲೆ ಟವೆಲ್ಲಿನಿಂದ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು.

‘ಇದೇನ್ರಿ! ಇದನ್ನ ಬಿಚ್ಚಿ ಮೈ ಒರಸ್ಕೋಬೇಕೋ, ನಮಸ್ಕಾರ ಮಾಡಬೇಕೋ?’ ಎಂದರು ಬೀಗತಿ.

‘ಹನಿಮೂನಿಗೆ ಬಂದವರಿಗೆ ಮಾಡಿಡ್ತಾರ್ರಿ.’

‘ಹಂಗಾದ್ರ ನಾವಿಬ್ಬರೂ ಹನಿಮೂನಿಗೆ ಬಂದೀವಿ ಅಂತ ತಿಳಕೊಂಡಾರೇನು?’

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಮಗಳ ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವು ಹಾಗೆ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮರುದಿನ ಅವರ ಪೂಜೆ, ನಮ್ಮೆಲ್ಲರ ನಾಷ್ಟಾ ಮುಗಿದ ಮೇಲೆ ಗ್ಲಾಸ್ ಬಾಟಮ್ ಬೋಟ್. ತಳಕ್ಕೆ ಗಾಜು ಹಾಕಿದ ದೋಣಿ, ಕೂತಲ್ಲೇ ಹವಳ, ಮೀನು ಕಾಣಿಸುತ್ತದೆ. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ ಪಟ್ಟಿ ಬಿಗಿದರು. ದಂಡೆಯಿಂದ ಸಣ್ಣ ದೋಣಿಯಲ್ಲಿ ಹೋಗಿ, ನಡುನೀರಿನಲ್ಲಿ ನಿಂತ ಗಾಜಿನ ದೋಣಿಗೆ ಏಣಿ ಹಿಡಿದು ಹತ್ತಬೇಕು. ಒಂದು ತೆರೆ ಬಂದು ಬೀಗತಿಯ ಸೊಂಟದವರೆಗೆ ನೆನೆಸಿತು. ಅಳಿಯ ಮೇಲಿಂದ ಕೈ ಹಿಡಿದು ಎಳೆದುಕೊಂಡ. ಅವರು ಕೂತು, ಉಸಿರು ಬಿಟ್ಟು, ಅಭ್ಯಾಸದಂತೆ ಎದೆ ಮುಟ್ಟಿಕೊಂಡರು.

ಅವರ ಮುಖ ಹೇಗಾಯಿತು ಎಂಬುದನ್ನು ನಾನು ಬರೆಯಲಾರೆ. ಜಾಕೆಟ್ಟಿನ ಕೆಳಗಿನಿಂದ ಒದ್ದೆ ದಾರವೊಂದು ಇಳಿಬಿದ್ದಿತ್ತು, ಅದರ ತುದಿಯಲ್ಲಿ ಬಿಚ್ಚಿದ ಖಾಲಿ ಅರಿವೆ.

ದೋಣಿಯವನು ಒಳ್ಳೆಯವನು. ವಿಷಯ ತಿಳಿದು, ಅಲ್ಲಿಯೇ ಸುತ್ತು ಹಾಕತೊಡಗಿದ. ನಾವೆಲ್ಲ ಗಾಜಿನ ಮೇಲೆ ಬಾಗಿ ಹುಡುಕಿದೆವು. ಕೆಳಗೆ ಎಲ್ಲವೂ ನಿಚ್ಚಳ: ಹವಳದ ಗಿಡಗಳು, ಹಳದಿ ಪಟ್ಟೆಯ ಮೀನುಗಳು, ಮತ್ತು ಲಿಂಗದಂತೆಯೇ ಕಪ್ಪಗೆ, ದುಂಡಗೆ ಎಷ್ಟೋ ಕಲ್ಲುಗಳು. ‘ಅಲ್ಲಿ! ಅಲ್ಲಿ ನೋಡ್ರಿ!’ ಎಂದು ಬೀಗತಿ ಕೂಗುತ್ತಿದ್ದರು. ದೋಣಿಯವನ ಜೊತೆಗಾರ ಮುಳುಗಿ ತಂದರೆ, ಕಲ್ಲು. ಮತ್ತೊಮ್ಮೆ ಮುಳುಗಿದರೆ, ಚಿಪ್ಪು. ಜೊತೆಗಿದ್ದ ಪ್ರವಾಸಿಗಳು ಮೊದಲು ಅಯ್ಯೋ ಪಾಪ ಎಂದರು, ತಾವೂ ಹುಡುಕಿದರು. ಆಮೇಲೆ ಒಬ್ಬಾಕೆ ‘ನಮ್ಮ ಟೈಮ್ ಹೋಗುತ್ತಿದೆ’ ಎಂದು ಇಂಗ್ಲಿಷಿನಲ್ಲಿ ಗೊಣಗಿದಳು. ಅವಳದೂ ತಪ್ಪೆನ್ನಲಾರೆ. ದೋಣಿ ದಂಡೆಗೆ ತಿರುಗಿತು.

ರೂಮಿಗೆ ಬಂದು ಬೀಗತಿ ನೆಲದ ಮೇಲೆ ಮಲಗಿದರು. ಊಟ ಬೇಡ, ನೀರು ಬೇಡ. ಲಿಂಗವಿಲ್ಲದ ಮೈಗೆ ಅನ್ನ ನೀರು ಸಲ್ಲದು. ಅಯ್ಯನವರ ಕೈಯಿಂದ ಹೊಸ ಲಿಂಗ ಧರಿಸಿದ ಮೇಲೆಯೇ ಬಾಯಿ ತೆರೆಯುವುದು. ಮಠದ ಈಗಿನ ಅಯ್ಯನವರು ಇರುವುದು ಸೇಡಂನಲ್ಲಿ. ಬೀಗತಿಗೆ ಸಕ್ಕರೆ ಕಾಯಿಲೆ ಬೇರೆ.

‘ನಾಳೆ ಮುಂಜಾನಿ ಫೆರ್ರಿಗೇ ಹೋಗೋಣ’ ಎಂದ ಅಳಿಯ. ಸಂಜೆಗೆ ಗಾಳಿ ಎದ್ದಿತು. ಮುಂಜಾನೆ ರಿಸೆಪ್ಶನ್ನಿನ ಹುಡುಗಿ ನಗುಮುಖದಿಂದಲೇ ತಿಳಿಸಿದಳು: ಸಮುದ್ರ ರಫ್ ಇದೆ, ಎಲ್ಲ ಹಡಗುಗಳೂ ಕ್ಯಾನ್ಸಲ್. ಎಕ್ಸ್‌ಟ್ರಾ ಸ್ಟೇ ಎಂಜಾಯ್ ಮಾಡಿ, ರೂಮಿನ ಬಾಡಿಗೆಯಲ್ಲಿ ಡಿಸ್ಕೌಂಟ್ ಕೊಡುತ್ತೇವೆ.

ಆ ದಿನದಷ್ಟು ಉದ್ದದ ದಿನವನ್ನು ನಾನು ಕಂಡಿಲ್ಲ. ಯಾವ ಕಿಟಕಿ ತೆರೆದರೂ ಸಮುದ್ರ. ಓಷನ್ ವ್ಯೂ ಎಂದು ಹೆಚ್ಚು ಕೊಟ್ಟು ತೆಗೆದುಕೊಂಡ ರೂಮು; ನಾನು ಪರದೆ ಎಳೆದೆ. ಎಳೆದರೂ ಸದ್ದು ನಿಲ್ಲಲಿಲ್ಲ. ಹೊರಗೆ ಪೂಲಿನ ಹತ್ತಿರ ಹಾಡು ಹಚ್ಚಿದ್ದರು. ಬಫೆಯಿಂದ ತುಪ್ಪದ ವಾಸನೆ ಬರುತ್ತಿತ್ತು, ಅದು ಅವರ ಮೂಗಿಗೆ ತಾಗದಿರಲೆಂದು ಬಾಗಿಲನ್ನೂ ಮುಚ್ಚಿದೆ. ನಾನು ಊಟಕ್ಕೆ ಹೋಗಲಾರೆ, ಹೋಗದೆಯೂ ಇರಲಾರೆ. ಕದ್ದವಳಂತೆ ಬಾತ್‌ರೂಮಿನಲ್ಲಿ ನಿಂತು ಎರಡು ಬಿಸ್ಕತ್ತು ತಿಂದೆ.

ಮಗಳು ಅತ್ತೆಯ ಕಾಲ ಹತ್ತಿರ ಕೂತು ಅತ್ತಳು. ‘ಅತ್ತಿಯವರ, ಒಂದು ಗುಟುಕು ನೀರು ಕುಡೀರಿ. ನಿಮ್ಮ ಗುಳಿಗಿ ಟೈಮ್ ಆಗ್ಯಾದ.’

‘ನೀ ಅಳಬ್ಯಾಡವ್ವ. ನಿನ್ನ ಮ್ಯಾಲೇನು ಸಿಟ್ಟಿಲ್ಲ. ಗಂಟು ನಾನೇ ಹಾಕೀನಿ.’

ಅಳಿಯ ಸಿಗ್ನಲ್ ಹುಡುಕಿಕೊಂಡು ದಂಡೆಗೆ ಓಡಿ, ಅಯ್ಯನವರಿಗೆ ಫೋನ್ ಹಚ್ಚಿ, ಹಾಗೆಯೇ ಓಡುತ್ತಾ ತಂದು ತಾಯಿಯ ಕಿವಿಗೆ ಹಿಡಿದ. ಅರ್ಧಂಬರ್ಧ ಕೇಳಿಸಿತು. ‘ತಂಗಿ, ಜೀವಕ್ಕಿಂತ... ಬರೀ ಅಂಗೈ ನೋಡಿ ನೆನಿಸಿ... ನೀರು ತಗೋ...’

‘ಅಪ್ಪಾರ, ನಿಮ್ಮ ಕೈಲಿಂದ ಕಟ್ಟಿಸ್ಕೊಂಡೇ ಉಣ್ತೀನಿ’ ಎಂದರು ಬೀಗತಿ. ಫೋನನ್ನು ಮಗನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದರು. ‘ಯವ್ವಾ, ಅಯ್ಯನೋರೇ ಹೇಳ್ಯಾರಲ್ಲ!’ ಎಂದು ಮಗ ಕೂಗಿದ. ಅವರು ತಿರುಗಲಿಲ್ಲ.

ಮಧ್ಯಾಹ್ನಕ್ಕೆ ಅವರ ಮಾತು ತೊದಲತೊಡಗಿತು. ದ್ವೀಪದ ಆಸ್ಪತ್ರೆಯಿಂದ ಬಂದ ತರುಣ ಡಾಕ್ಟರು ಪರೀಕ್ಷೆ ಮಾಡಿ, ಸಕ್ಕರೆ ಇಳಿದಿದೆ, ಈಗಲೇ ಗ್ಲೂಕೋಸ್ ಏರಿಸಬೇಕು ಎಂದರು. ಬೀಗತಿ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಮಗ ಒತ್ತಿ ಹಿಡಿಯಲು ಹೋದ. ನಾನು ಅವನನ್ನು ಹೊರಗೆ ಕಳಿಸಿ ನೆಲದ ಮೇಲೆ ಅವರ ಪಕ್ಕದಲ್ಲಿ ಕೂತೆ. ನನಗೆ ಆಗ ಯಾಕೋ ನಮ್ಮ ಮದರ್ ಸುಪೀರಿಯರ್ ನೆನಪಾದರು. ಈಸ್ಟರಿಗೆ ಮೊದಲಿನ ಲೆಂಟ್ ದಿನಗಳಲ್ಲಿ ಉಪವಾಸ ಮಾಡಿ ತಲೆಸುತ್ತಿ ಬಿದ್ದ ಸಿಸ್ಟರ್ ಒಬ್ಬರಿಗೆ ಅವರು ಔಷಧ ಕುಡಿಸಿದ್ದನ್ನು ನಾವು ಬಾಗಿಲ ಸಂದಿಯಿಂದ ನೋಡಿದ್ದೆವು.

‘ಬೀಗತ್ಯಾರ, ಬಾಯಿಲಿಂದ ಹೋದ್ರ ಊಟ. ಸೂಜಿಲಿಂದ ಹೋದ್ರ ಔಷಧ. ಔಷಧಕ್ಕ ಉಪಾಸ ಮುರಿಯೂದಿಲ್ಲ.’

‘ಯಾರು ಹೇಳ್ಯಾರ?’

‘ನಮ್ಮ ಮದರ್ ಸುಪೀರಿಯರ್.’

‘ಅಕಿ ಲಿಂಗ ಕಟ್ಟಿದ್ಳೇನು?’

‘ಇಲ್ರಿ, ಶಿಲುಬಿ ಕಟ್ಟಿದ್ರು. ಖರೇ, ಉಪಾಸ ಮಾತ್ರ ನಿಮ್ಮಷ್ಟೇ ಬಿಗಿ.’

ಅವರು ಕಣ್ಣು ಮುಚ್ಚಿದರು. ನಾನು ಡಾಕ್ಟರಿಗೆ ಕಾಯಲು ಸನ್ನೆ ಮಾಡಿದೆ. ಕಡೆಗೆ ಬಲಗೈ ಸೆರಗಿನಿಂದ ಹೊರಗೆ ಬಂತು.

‘ಇದಕ್ಕ ಹಾಕ್ರಿ. ಎಡಗೈಗೆ ಬ್ಯಾಡ. ಅದು ಲಿಂಗದ ಜಾಗಾ.’

ಬಾಟಲಿಯಿಂದ ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತಾ ನಾವು ಅಲ್ಲಿಯೇ ಕೂತೆವು. ಮರುದಿನ ಗಾಳಿ ತಗ್ಗಿತು. ಹೊರಡುವಾಗ ಇನ್ನೊಂದು ಬಾಟಲಿ ಏರಿಸಿಕೊಂಡು ಹಡಗು ಹತ್ತಿದರು, ವಿಮಾನ ಹತ್ತಿದರು. ಏರ್‌ಹೋಸ್ಟೆಸ್ ನೀರು ಚಾಚಿದಾಗಲೆಲ್ಲ ತುಟಿ ಬಿಗಿದರು. ಹೈದರಾಬಾದಿನಿಂದ ರೈಲು. ಸೇಡಂ ಮನೆಯಲ್ಲಿ ಅಯ್ಯನವರು ಕಾದಿದ್ದರು. ಹೊಸ ಲಿಂಗ ಧರಿಸಿ, ಪೂಜೆ ಮಾಡಿ, ತೀರ್ಥ ತೆಗೆದುಕೊಂಡು ಬೀಗತಿ ಒಂದು ತುತ್ತು ಅನ್ನ ಉಂಡರು. ಅಳಿಯ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ.

ಎಲ್ಲ ಸುಸೂತ್ರವಾಯಿತು ಎಂದುಕೊಂಡೆವು. ಆದರೆ ಆಮೇಲೆ ಬೀಗತಿ ಊರು ಬಿಟ್ಟು ಹೊರಗೆ ಕಾಲಿಡಲಿಲ್ಲ. ಚಿತ್ತಾಪುರದಲ್ಲಿ ತಮ್ಮನ ಮಗಳ ಮದುವೆ, ಒಂದು ತಾಸಿನ ದಾರಿ, ಹೋಗಲಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಕಲಬುರಗಿಯಲ್ಲಿ ಆಪರೇಶನ್ ಆಗಬೇಕು. ಅಲ್ಲಿ ಮೈಮೇಲಿನದೆಲ್ಲ ತೆಗೆಸಿ ಹಸಿರು ಗೌನ್ ಹಾಕುತ್ತಾರೆಂದು ಯಾರೋ ಹೇಳಿದ್ದೇ ಸಾಕಾಯಿತು. ಮಗ ಹೇಳಿ ಸೋತ, ಸೊಸೆ ಹೇಳಿ ಸೋತಳು. ‘ನಿನ್ನ ಮಾತು ಕೇಳ್ತಾರ ಮಮ್ಮಿ’ ಎಂದು ಮಗಳು ಕಳೆದ ವಾರ ನನ್ನನ್ನು ಕಳಿಸಿದಳು.

ಬೀಗತಿ ಪಡಸಾಲೆಯಲ್ಲಿ ಪೂಜೆಗೆ ಕೂತಿದ್ದರು. ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ, ಮೂಗಿಗೆ ತಾಗುವಷ್ಟು ಹತ್ತಿರಕ್ಕೆ ತಂದು ನೋಡುತ್ತಿದ್ದರು.

‘ಬರ್ರಿ, ಕುಂದ್ರಿ. ನಿಮ್ಮನ್ನ ಯಾಕ ಕಳಿಸ್ಯಾರ ಗೊತ್ತದ’ ಎಂದರು, ತಿರುಗದೆಯೇ.

‘ಕಣ್ಣು ಕಾಣಲಿಲ್ಲಂದ್ರ ಇದನ್ನ ನೋಡೂದು ಹ್ಯಾಂಗ್ರಿ?’

‘ಮುಟ್ಟಿದ್ರ ತಿಳೀತದ.’ ಲಿಂಗದ ಮೇಲೆ ಬೆರಳಾಡಿಸುತ್ತಾ ಕೇಳಿದರು: ‘ಅದು ಅಲ್ಲಿ ಸಮುದ್ರದಾಗ ಒಂದೇ ಬಿದ್ದದಲ್ರಿ, ಬೀಗತ್ಯಾರ?’

‘ಅದಕ್ಕ ಹಗಲೂ ರಾತ್ರಿ ನೀರಿನ ಅಭಿಷೇಕ ನಡದದಲ್ರಿ’ ಎಂದೆ, ಸಮಾಧಾನಕ್ಕೆ.

‘ಉಪ್ಪು ನೀರು ರೀ ಅದು’ ಎಂದರು ಬೀಗತಿ.

ಆಪರೇಶನ್ ಮಾತನ್ನು ನಾನು ಮತ್ತೆ ಎತ್ತಲಿಲ್ಲ.