ನಳಿನಾಕ್ಷಿ ಕತ್ತರಿ ಹಿಡಿದ ಬೆಳಿಗ್ಗೆ

ಮಣಿಪಾಲದಲ್ಲಿ ಓದಿದ ಡಾಕ್ಟರುಗಳು ಇವತ್ತು ಯಾವ ಯಾವ ದೇಶದಲ್ಲಿದ್ದಾರೋ ನನಗೆ ಗೊತ್ತಿಲ್ಲ. ಆದರೆ ಅವರಲ್ಲಿ ಸುಮಾರು ಜನರ ಮೊದಲ ಬಿಳಿ ಕೋಟಿಗೆ ಕಾಜಾ ಹೊಲಿದವಳು ನಾನು, ಅಲೆವೂರಿನ ಬರ್ತಾ. ಗುಂಡಿ ತೂರಿಸುವ ತೂತಿಗೆ ದಾರದ ಅಂಚು ಕಟ್ಟುವ ಕೆಲಸ ಅದು. ಜಂಬ ಕೊಚ್ಚಿಕೊಳ್ಳುತ್ತಾಳೆ ಎಂದುಕೊಂಡರೆ ಎಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ಈಗ ಹೇಳಲು ಹೊರಟದ್ದು ಹೇಗೂ ನನ್ನ ಕಥೆಯಲ್ಲ. ಆ ಕೋಟುಗಳನ್ನು ಹೊಲಿದ ಕಾಪುವಿನ ನಳಿನಾಕ್ಷಿಯದ್ದು.

೧೯೮೫ರ ಜುಲೈಯ ಒಂದು ಬೆಳಿಗ್ಗೆ ಅವಳು ಬಸ್ಸಿನಿಂದ ಇಳಿದವಳು ಮಣಿಪಾಲದ ನಮ್ಮ ಟೈಲರ್ ಅಂಗಡಿಗೆ ಓಡಿಯೇ ಬಂದಳು. ಮಳೆ ಸುರಿಯುತ್ತಿತ್ತು, ಕೊಡೆ ಕಂಕುಳಲ್ಲೇ ಇತ್ತು, ಬಿಡಿಸಿರಲಿಲ್ಲ. ಮೂವತ್ತೈದು ವರ್ಷದ ಹೆಂಗಸಿನ ಮುಖ ಹಾಗೆ ಹೊಳೆಯುವುದನ್ನು ನಾನು ಮೊದಲು ನೋಡಿರಲಿಲ್ಲ. ಎಂತ ನಳಿನಾ, ಗಂಡು ಗೊತ್ತಾಯಿತಾ ಎಂದು ತಮಾಷೆ ಮಾಡಿದೆ. ಗಂಡಲ್ಲ ಮಾರಾಯ್ರೆ, ರೂಮು ಎಂದಳು. ಕಾಪು ಬಸ್ ಸ್ಟ್ಯಾಂಡಿನ ಎದುರು ಒಂದು ಕೋಣೆ ಖಾಲಿಯಾಗಿತ್ತಂತೆ. ಹಿಂದಿನ ಸಂಜೆ ಅದರ ಬೀಗದ ಕೈ ಇಸಿದುಕೊಂಡು ಬಂದಿದ್ದಳು. ಬರುವ ಸೋಮವಾರ ಅಲ್ಲಿ ಅವಳದ್ದೇ ಅಂಗಡಿ. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಬಿಚ್ಚಿ ತೋರಿಸಿದಳು, ಗಂಟು ಹಾಕಿದಳು, ಮತ್ತೆ ಬಿಚ್ಚಿದಳು. ನನಗೂ ಕುಣಿಯಬೇಕು ಅನ್ನಿಸಿತು. ಆಮೇಲೆ ಅಂಗಡಿಯ ಒಳಗೆ ಕಣ್ಣು ಹೋಯಿತು. ಕಟಿಂಗ್ ಮೇಜಿನ ಹಿಂದೆ ವಾಸು ನಿಂತಿದ್ದ. ಅವನಿಗೆ ಇನ್ನೂ ಹೇಳಿರಲಿಲ್ಲ.

ವಾಸು ಅವಳ ಪಾಲುದಾರ, ಹದಿನಾಲ್ಕು ವರ್ಷದಿಂದ. ಎದುರಿಗೆ ನಾನು ವಾಸಣ್ಣ ಎನ್ನುತ್ತಿದ್ದೆ, ಇಲ್ಲಿ ವಾಸು ಸಾಕು. ಅವನು ಹೆಜಮಾಡಿಯವನು. ಇಬ್ಬರದ್ದೂ ಕಡಲಿನ ಮೀನನ್ನೇ ನಂಬಿದ ಮನೆ. ಹದಿನೆಂಟು ಹತ್ತೊಂಬತ್ತರ ಪ್ರಾಯದಲ್ಲಿ ಇಬ್ಬರೂ ಕಾರ್ಕಳದ ಒಬ್ಬ ಟೈಲರ್ ಮೇಸ್ತ್ರಿಯ ಹತ್ತಿರ ಕೆಲಸ ಕಲಿಯುತ್ತಿದ್ದರು, ಅವನು ಕತ್ತರಿಸುವುದು, ಅವಳು ಹೊಲಿಯುವುದು. ಪಡುಬಿದ್ರೆಯಲ್ಲಿ ಒಂದೇ ಬಸ್ಸು ಹತ್ತುವುದು, ಸಂಜೆ ಒಂದೇ ಬಸ್ಸಿನಲ್ಲಿ ಇಳಿಯುವುದು. ಎರಡು ವರ್ಷ ಹೀಗೆ ಹೋದ ಮೇಲೆ ಪ್ರೀತಿ ಆಗದೆ ಇನ್ನೆಂತ ಆಗಬೇಕು ಹೇಳಿ. ಮದುವೆಯಾಗುವುದು, ಮಣಿಪಾಲದಲ್ಲಿ ಅಂಗಡಿ ಹಾಕುವುದು ಎಂದು ಅವರೇ ತೀರ್ಮಾನ ಮಾಡಿದರು. ಮಣಿಪಾಲದಲ್ಲಿ ಕೋಣೆಯನ್ನೂ ಇಬ್ಬರ ಹೆಸರಿನಲ್ಲಿ ಹಿಡಿದರು.

ನಮ್ಮ ಕ್ರೈಸ್ತರಲ್ಲಿ ಇಲ್ಲದ ಒಂದು ಲೆಕ್ಕ ಅವರ ಜಾತಿಯಲ್ಲಿ ಉಂಟು, ಬರಿ. ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರು ಅದು. ಒಂದೇ ಬರಿಯ ಹುಡುಗ ಹುಡುಗಿ ಎಂದರೆ ಅಣ್ಣ ತಂಗಿ, ಮದುವೆಯ ಮಾತೇ ಇಲ್ಲ. ನಳಿನಾಕ್ಷಿ ಸಾಲ್ಯಾನ್ ಬರಿಯವಳು. ಇವನು ವಾಸು ಕರ್ಕೇರ. ಹಾಗಾಗಿ ಇಬ್ಬರೂ ಧೈರ್ಯದಲ್ಲಿದ್ದರು. ೧೯೭೧ರಲ್ಲಿ ಕಾಪುವಿನ ಅವಳ ಮನೆಯ ಜಗಲಿಯಲ್ಲಿ ಹಿರಿಯರು ಕುಳಿತರು. ಅವಳ ಸೋದರಮಾವ ಹುಡುಗನ ತಾಯಿಯ ಬರಿ ಯಾವುದು ಎಂದು ಕೇಳಿದ. ಕರ್ಕೇರ ಎಂಬುದು ಅಪ್ಪನ ಬರಿ. ಎರಡು ವರ್ಷದವನಿರುವಾಗ ವಾಸುವಿನ ತಾಯಿ ತೀರಿಹೋಗಿದ್ದಳು, ಅವನು ಅಪ್ಪನ ಮನೆಯಲ್ಲೇ ಬೆಳೆದ, ಶಾಲೆಯಲ್ಲಿ ಮೇಷ್ಟ್ರು ಅಪ್ಪನ ಹೆಸರಿನ ಜೊತೆಗಿದ್ದದ್ದನ್ನೇ ಇವನಿಗೂ ಬರೆದರು. ಅದೇ ತನ್ನದು ಎಂದು ಅವನು ನಂಬಿಕೊಂಡಿದ್ದ. ವಿಚಾರಿಸಿದರೆ ತಾಯಿ ಸಾಲ್ಯಾನ್. ಅಲ್ಲಿಗೆ ಮುಗಿಯಿತು. ತಂದಿಟ್ಟ ವೀಳ್ಯದೆಲೆಯನ್ನು ಯಾರೂ ಮುಟ್ಟದೆ ಎದ್ದುಹೋದರಂತೆ.

ಇನ್ನು ಅಂಗಡಿ? ಅದಕ್ಕೆ ಹಿರಿಯರು ತಲೆ ಕೆಡಿಸಿಕೊಳ್ಳಲೇ ಇಲ್ಲ. ಅಣ್ಣ ತಂಗಿ ಒಟ್ಟಿಗೆ ಕೆಲಸ ಮಾಡಿದರೆ ಯಾರು ಎಂತ ಹೇಳುವುದು ಎಂದರು. ಮದುವೆಗೆ ಅಡ್ಡ ಬಂದ ಬರಿಯೇ ಅಂಗಡಿಗೆ ಪರವಾನಗಿ ಕೊಟ್ಟಿತು. ಇದನ್ನು ಮೊದಲ ಸಲ ಕೇಳಿದಾಗ ಬಂದ ಸಿಟ್ಟು ನನಗೆ ಈಗಲೂ ಇಳಿದಿಲ್ಲ. ಎರಡು ವರ್ಷ ಬಿಟ್ಟು ವಾಸು ಪುಷ್ಪಾವತಿ ಎಂಬವಳನ್ನು ಮದುವೆಯಾದ. ಅವಳು ಒಳ್ಳೆಯವಳು, ಅವಳದ್ದೇನೂ ತಪ್ಪಿಲ್ಲ. ಆದರೆ ವಾಸುವಿಗೆ ಒಡಹುಟ್ಟಿದ ತಂಗಿಯಿಲ್ಲ ಎಂದು, ಮದುಮಗಳನ್ನು ದೀಪ ಹಿಡಿದು ಮನೆಯೊಳಗೆ ಕರೆಯಲು ನಳಿನಾಕ್ಷಿಯನ್ನೇ ನಿಲ್ಲಿಸಿದರು. ಅವಳು ನಿಂತಳು. ನಾನಾಗಿದ್ದರೆ ಆ ದೀಪವನ್ನು ಯಾರ ತಲೆಗೆ ಎಸೆಯುತ್ತಿದ್ದೆನೋ.

ನಾನು ಕೆಲಸಕ್ಕೆ ಸೇರಿದ್ದು ೧೯೭೬ರಲ್ಲಿ. ಆಗಲೇ ಅವರ ಕೆಲಸದ ಕ್ರಮ ಗಟ್ಟಿಯಾಗಿತ್ತು. ಹೆಣ್ಣುಮಕ್ಕಳು ಬಂದರೆ ಪರದೆಯ ಹಿಂದೆ ನಳಿನಾಕ್ಷಿ ಟೇಪು ಹಿಡಿದು ಅಳತೆ ತೆಗೆಯುವುದು, ಅಲ್ಲಿಂದಲೇ ಕೂಗಿ ಹೇಳುವುದು. ಈಚೆ ವಾಸು ಬರೆದುಕೊಳ್ಳುವುದು, ಆ ಅಂಕಿ ನೋಡಿ ಬಟ್ಟೆ ಕತ್ತರಿಸುವುದು. ಮತ್ತೆ ಅವಳು ಹೊಲಿಯುವುದು. ಕತ್ತರಿ ಅವನದ್ದು, ಬೇರೆಯವರು ಮುಟ್ಟುವ ಹಾಗಿಲ್ಲ. ಒಂದೆರಡು ಸಲ ಅವಳು ಕಲಿಸಿಕೊಡಿ ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಆಗಲಿ, ಈ ಸೀಸನ್ನು ಮುಗಿಯಲಿ ಎನ್ನುತ್ತಿದ್ದ. ಮಣಿಪಾಲದಲ್ಲಿ ಸೀಸನ್ನು ಯಾವತ್ತು ಮುಗಿಯುವುದು? ಒಂದು ಬ್ಯಾಚಿನ ಕೋಟು ಹೊಲಿದು ಮುಗಿಸುವಾಗ ಇನ್ನೊಂದು ಬ್ಯಾಚು ಬಂದಿರುತ್ತದೆ. ಅವಳಿಗೆ ನೆಂಟಸ್ತಿಕೆಗಳೂ ಬಂದವು. ಒಂದನ್ನೂ ಒಪ್ಪಲಿಲ್ಲ.

ಆ ಬೆಳಿಗ್ಗೆ ಅವಳು ಒದ್ದೆ ಸೀರೆಯಲ್ಲೇ ಮೇಜಿನ ಎದುರು ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಳು. ಕೋಣೆ, ಕಾಪು, ಸೋಮವಾರ. ವಾಸು ಸಿಟ್ಟು ಮಾಡಲಿಲ್ಲ. ಕೇಳಿದ್ದು ಒಂದೇ: ಅಲ್ಲಿ ನಿನಗೆ ಕತ್ತರಿಸಿ ಕೊಡುವವರು ಯಾರು? ನಾನೇ ಎಂದಳು. ಅವನಿಗೆ ನಗು ಬಂತು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಕತ್ತರಿ ಮುಟ್ಟದವಳು ಮೊದಲ ವಾರದಲ್ಲೇ ಗಿರಾಕಿಗಳ ಬಟ್ಟೆ ಹಾಳು ಮಾಡಿ ಊರಿಡೀ ಹೆಸರು ಕೆಡಿಸಿಕೊಳ್ಳುತ್ತಾಳೆ, ಬೇಡ ಎಂದು ಬುದ್ಧಿ ಹೇಳಲು ಶುರು ಮಾಡಿದ. ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅವಳು ಮೇಜಿನ ಮೇಲಿದ್ದ ಬಿಳಿ ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇದನ್ನು ಇಲ್ಲೇ, ನಿಮ್ಮ ಕಣ್ಣೆದುರೇ ಕತ್ತರಿಸುತ್ತೇನೆ. ಹಾಳಾದರೆ ಕಾಪುವಿನ ಕೋಣೆ ಇವತ್ತೇ ವಾಪಸು ಕೊಡುತ್ತೇನೆ. ಮತ್ತೆ ಆ ಮಾತು ಎತ್ತುವುದಿಲ್ಲ.”

ಅಯ್ಯೋ ದೇವಾ, ಇದೆಂತ ಪಂಥ! ಯಾರೂ ಕೇಳದ ಷರತ್ತು ಅದು. ಸುಮ್ಮನೆ ಮೆಷಿನ್ನು ಎತ್ತಿಕೊಂಡು ಹೋಗಬಹುದಿತ್ತಲ್ಲ. ಆದರೆ ಅವಳಿಗೆ ಅವನು ನೋಡಬೇಕಿತ್ತು. ವಾಸು ಆಗಲಿ ಎಂದು ಕತ್ತರಿಯನ್ನು ಅವಳ ಕಡೆಗೆ ಸರಿಸಿದ.

ಬಟ್ಟೆ ಪ್ಯಾಟ್ರಿಶಿಯಾ ಎಂಬ ಹುಡುಗಿಯದ್ದು. ಮುಂಬಯಿಯವಳು, ಮೊದಲ ವರ್ಷದ ವಿದ್ಯಾರ್ಥಿನಿ, ಹನ್ನೊಂದು ಗಂಟೆಗೆ ಬಂದು ಕೋಟಿನ ವಿಚಾರ ಕೇಳುವುದಾಗಿ ಹೇಳಿಹೋಗಿದ್ದಳು. ನಳಿನಾಕ್ಷಿ ಅಳತೆಯ ಚೀಟಿಯನ್ನು ಒಮ್ಮೆ ನೋಡಿ ಮಗುಚಿಟ್ಟಳು. ಚಾಕ್‌ಪೀಸಿನಲ್ಲಿ ಗೆರೆ ಎಳೆದಳು. ಕತ್ತರಿ ಓಡತೊಡಗಿತು. ಹೆದರಿ ಹೆದರಿ ಕಚ್ಚುವುದಲ್ಲ, ಕೆಳಗಿನಿಂದ ಸರ್ರನೆ ಮೇಲಕ್ಕೆ ಹೋಯಿತು. ನಾನು ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡೆ, ನೋವಾದದ್ದೂ ಗೊತ್ತಾಗಲಿಲ್ಲ. ವಾಸುವಿನ ನಗು ನಿಂತಿತು.

ಭುಜದ ಹತ್ತಿರ ಬಂದಾಗ ಅವಳು ಕೈ ನಿಲ್ಲಿಸಿದಳು. ಕೋಟಿನ ಬೆನ್ನನ್ನು ಬಟ್ಟೆ ಮಡಚಿಕೊಂಡೇ ಕತ್ತರಿಸುವುದು ಕ್ರಮ, ಎರಡೂ ಭುಜ ಒಂದೇ ಸಲಕ್ಕೆ ಬರುತ್ತದೆ. ಅವಳು ಮಡಿಕೆ ಬಿಡಿಸಿದಳು. ಬಲಭುಜವನ್ನು ಒಂದು ಗೆರೆಯಲ್ಲಿ ಕತ್ತರಿಸಿದಳು, ಎಡಭುಜವನ್ನು ಅರ್ಧ ಇಂಚು ಕೆಳಗೆ. ವಾಸು ಎರಡು ಹೆಜ್ಜೆ ಮುಂದೆ ಬಂದುಬಿಟ್ಟ. ಬಟ್ಟೆ ಹಾಳಾಯಿತು ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಸಮಾಧಾನ ಹೆಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಮೆಷಿನ್ನಿಗೆ ಹೋಗಿ ಕೂತಳು. ತುಂಡುಗಳನ್ನು ತೊಟ್ಟು ನೋಡುವಷ್ಟಕ್ಕೆ ದೊಡ್ಡ ಹೊಲಿಗೆಯಲ್ಲಿ ಜೋಡಿಸಿದಳು, ನಾನು ತೋಳು ಹಿಡಿದುಕೊಟ್ಟೆ.

ಹನ್ನೊಂದಕ್ಕೆ ಪ್ಯಾಟ್ರಿಶಿಯಾ ಬಂದಳು. ಪರದೆಯ ಹಿಂದೆ ಕೋಟು ತೊಟ್ಟು ಕನ್ನಡಿಯ ಎದುರು ನಿಂತು ಹಿಂದೆ ತಿರುಗಿದಳು, ಮುಂದೆ ತಿರುಗಿದಳು. ಆಮೇಲೆ ಕೊಂಕಣಿಯಲ್ಲಿ ನನಗೆ ಹೇಳಿದಳು: ಹುಟ್ಟಿದಂದಿನಿಂದ ತನ್ನ ಎಡಭುಜ ಸ್ವಲ್ಪ ತಗ್ಗಂತೆ. ಮುಂಬಯಿಯಲ್ಲಿ ಎಷ್ಟು ಟೈಲರುಗಳು ಹೊಲಿದರೂ ಆ ಬದಿಯಲ್ಲಿ ಬಟ್ಟೆ ನೆರಿಗೆ ಬೀಳುತ್ತದಂತೆ, ಇದರಲ್ಲಿ ಒಂದು ನೆರಿಗೆಯೂ ಇಲ್ಲ, ನಿಮಗೆ ಯಾರು ಹೇಳಿದರು ಎಂದು ಕೇಳಿದಳು. ನಾನು ವಾಸುವಿಗೆ ಒಂದಕ್ಷರ ಬಿಡದೆ ಕನ್ನಡ ಮಾಡಿ ಹೇಳಿದೆ. ಎರಡು ಸಲ ಹೇಳಿದೆ. ಅವನಿಗೆ ಗೊತ್ತಿದ್ದದ್ದು ಬರೀ ಅಂಕಿ. ಹದಿನಾಲ್ಕು ವರ್ಷ ಆ ಮೈಗಳನ್ನು ಮುಟ್ಟಿ ನೋಡಿದವಳು ಇವಳು.

ಹುಡುಗಿ ಹೋದ ಮೇಲೆ ವಾಸು ಸ್ಟೂಲಿನ ಮೇಲೆ ಕೂತುಬಿಟ್ಟ. ಎಲ್ಲಿ ಕಲಿತದ್ದು ಎಂದು ಕೇಳಿದ. ಮನೆಯಲ್ಲಿ ಹಳೆಯ ಪೇಪರು ಕತ್ತರಿಸಿ ಕತ್ತರಿಸಿ ಕಲಿತೆ, ನೆರೆಯವರ ರವಿಕೆಗಳನ್ನು ಹೊಲಿಯುತ್ತಾ ಕೈ ಕೂತಿತು, ಈಗ ಆರು ವರ್ಷ ಆಯಿತು ಎಂದಳು. ನಾನು ಅಲ್ಲೇ ಇದ್ದೇನೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ನಾನೂ ಎದ್ದುಹೋಗಲಿಲ್ಲ, ಆ ಹೊತ್ತಿಗೆ ಯಾರು ಹೋಗುತ್ತಾರೆ?

“ಕಲಿಸಿದರೆ ನೀನು ಹೋಗುತ್ತಿ ಎಂದು ಕಲಿಸಲಿಲ್ಲ” ಎಂದ ವಾಸು. “ಆರು ವರ್ಷದಿಂದ ಗೊತ್ತಿದ್ದೂ ನೀನು ಯಾಕೆ ಹೋಗಲಿಲ್ಲ?”

“ನೀನು ಯಾಕೆ ಕಲಿಸಲಿಲ್ಲವೋ ಅದಕ್ಕೇ” ಎಂದಳು ನಳಿನಾಕ್ಷಿ. “ಈಗ ಸಾಕು ವಾಸು. ನನಗೆ ಹೋಗಬೇಕು ಅಂತ ಉಂಟು. ಖುಷಿಯಿಂದ ಹೋಗಬೇಕು ಅಂತ ಉಂಟು.”

ಒಂಬತ್ತು ವರ್ಷದಲ್ಲಿ ಅವಳು ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನಗೆ ಅಳು ಬಂತು. ವಾಸು ಎದ್ದು ಮುಖ ತೊಳೆದುಕೊಂಡು ಬಂದ. ಮೆಷಿನ್ನನ್ನು ಸೋಮವಾರದವರೆಗೆ ಯಾಕೆ ಇಡುವುದು, ಆದಿತ್ಯವಾರವೇ ಸಾಗಿಸುವ ಎಂದ. ಹೇಳಿದ ಹಾಗೆಯೇ ಆದಿತ್ಯವಾರ ಅವನೇ ಬಸ್ಸಿನ ಟಾಪಿಗೆ ಹತ್ತಿ ಹಗ್ಗ ಬಿಗಿದ. ಒದ್ದೆಯಾಗಬಾರದು ಎಂದು ಅಂಗಡಿಯ ರೆಕ್ಸಿನ್ ಹೊದಿಸಿದ. ಬಸ್ಸು ಉಡುಪಿಯ ಕಡೆಗೆ ತಿರುಗುವವರೆಗೆ ಮಳೆಯಲ್ಲೇ ನಿಂತಿದ್ದ. ಮುಂದಿನ ಸೀಟಿನಲ್ಲಿ ಕೂತಿದ್ದ ಅವಳು ಕಂಡಕ್ಟರಿಗೆ ತನ್ನ ಅಂಗಡಿ ಯಾವ ಕಡೆ ಎಂದು ಕೈ ಬೀಸಿ ವಿವರಿಸುತ್ತಿದ್ದಳು, ಹಿಂದೆ ನೋಡಲಿಲ್ಲ.

ಸೋಮವಾರ ನಾನು ರಜೆ ಹಾಕಿ ಕಾಪುವಿಗೆ ಹೋದೆ. ಬಾಗಿಲು ತೆಗೆದು ಒಂದು ಗಂಟೆ ಆಗಿರಲಿಲ್ಲ, ಮೀನು ಮಾರಿ ವಾಪಸಾಗುವ ಹೆಂಗಸರು ಬುಟ್ಟಿಯನ್ನು ಹೊರಗಿಟ್ಟು ನುಗ್ಗಿದರು. ಮಧ್ಯಾಹ್ನದೊಳಗೆ ಹದಿನೇಳು ರವಿಕೆಗೆ ಬಟ್ಟೆ ಬಂತು. ನಳಿನಾಕ್ಷಿ ಅಳತೆ ತೆಗೆದಳು, ಕತ್ತರಿಸಿದಳು, ಹೊಲಿದಳು, ನಡುವೆ ಜಗಳವನ್ನೂ ಮಾಡಿದಳು, ಒಬ್ಬಳಿಗೆ ನಿನ್ನ ತೋಳಿಗೆ ಈ ಬಟ್ಟೆ ಸಾಲದು ಎಂದು ಮುಖಕ್ಕೇ ಹೇಳಿದಳು. ಊಟಕ್ಕೆ ತಂದ ಗಂಜಿ ತಂದ ಹಾಗೇ ಉಳಿಯಿತು. ಬಿಡುವೇ ಇರಲಿಲ್ಲ. ನಗುತ್ತಲೇ ಇದ್ದಳು.

ಸಂಜೆ ಐದೂವರೆಗೆ ಕೊನೆಯ ಗಿರಾಕಿ ಇಳಿದು ಹೋದ ಮೇಲೆ ಅವಳು ಕಟಿಂಗ್ ಮೇಜಿನ ಮೇಲೆ ಹತ್ತಿ ಕೂತು ಕಾಲಾಡಿಸಿದಳು. ಮುಖ ಬೆವರಿ ಕೆಂಪಾಗಿತ್ತು.

“ಬರ್ತಾ ಬಾಯಿ, ಇವತ್ತು ಇಡೀ ದಿನ ನನಗೆ ಒಂದು ಸಲವೂ ಅವನ ನೆನಪಾಗಲಿಲ್ಲ ಮಾರಾಯ್ರೆ.”

ಎಷ್ಟು ಖುಷಿಯಿಂದ ಹೇಳಿದಳು ಎಂದರೆ ನಾನು ನಕ್ಕೇಬಿಟ್ಟೆ. ಅವಳೂ ನಕ್ಕಳು. ಆಮೇಲೆ ಅವಳ ಕಾಲು ನಿಂತಿತು, ಕಣ್ಣು ತುಂಬಿತು. ಹೊಲಿದು ಮುಗಿದ ರವಿಕೆಗಳನ್ನು ಇತ್ತ ಕೊಡು, ಬಸ್ಸು ಬರುವವರೆಗೆ ಹುಕ್ಕು ಹಾಕುತ್ತೇನೆ ಎಂದೆ. ಅವಳು ಮೂಗೊರೆಸಿಕೊಂಡು ಇಳಿದು ಬಂದು ನಾಲ್ಕು ರವಿಕೆ ಕೊಟ್ಟಳು.