ಒಂದೇ ತಾಯಿಯ ದುಂಬಿಗಳು

ನಮ್ಮ ಮೇಷ್ಟ್ರ ಬಲಗಣ್ಣಿನ ಸುತ್ತ ಉಂಗುರದಂಥ ಕಲೆಯೊಂದಿತ್ತು. ವರ್ಷಗಟ್ಟಲೆ ಭೂತಗನ್ನಡಿಯನ್ನು ಒತ್ತಿ ಹಿಡಿದ ಗುರುತು ಅದು. ಮೂಕಂಡಪಲ್ಲಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು, ರಜೆ ಬಂದರೆ ಬೇರಿಕೆ ಊರಿನ ಜಾಲಿಮರಗಳ ಬುಡದಲ್ಲಿ ಮಂಡಿಯೂರಿ ತರಗೆಲೆ ಕೆದಕುತ್ತಿದ್ದರು. ಹುಡುಕುತ್ತಿದ್ದುದು ಅಕ್ಕಿಕಾಳಿನಷ್ಟು ದೊಡ್ಡ, ಮಣ್ಣುಬಣ್ಣದ ಗೂಡುಗಳನ್ನು. ಎಲೆದುಂಬಿಗಳ ಒಂದು ಕುಲದಲ್ಲಿ ತಾಯಿ ಪ್ರತಿ ಮೊಟ್ಟೆಗೂ ತನ್ನ ಹಿಕ್ಕೆಯನ್ನೇ ಮೆತ್ತಿ ನೆಲಕ್ಕೆ ಬೀಳಿಸುತ್ತದೆ. ಮರಿ ಆ ಹೊದಿಕೆಗೆ ತನ್ನ ಹಿಕ್ಕೆಯನ್ನೂ ಮಣ್ಣನ್ನೂ ಸೇರಿಸಿ ಬೆಳೆಸುತ್ತ, ಹೊತ್ತು ತಿರುಗುತ್ತದೆ. ದುಂಬಿಯಾದ ಮೇಲೆ ಮುಚ್ಚಳ ಕತ್ತರಿಸಿ ಹೊರಬರುತ್ತದೆ.

"ಬೆನ್ನಿನ ಚುಕ್ಕೆ ನೋಡಿ ಹೆಸರಿಡಬ್ಯಾಡ ಕಣ್ಲಾ, ಅವ್ವ ಯಾರು ಅಂತ ಕೇಳು," ಎನ್ನುತ್ತಿದ್ದರು. ಅದಕ್ಕೆಂದೇ ತಾಯಿದುಂಬಿಗಳಿಗೆ ಸಂಖ್ಯೆ ಕೊಟ್ಟು, ಅವುಗಳ ಮೊಟ್ಟೆಗಳನ್ನು ಬೇರೆಬೇರೆಯಾಗಿ ಸಾಕಿ, ಪ್ರತಿ ದುಂಬಿಯನ್ನು ಚುಚ್ಚಿಟ್ಟ ಸೂಜಿಗೆ ಅದರ ಖಾಲಿ ಗೂಡನ್ನೂ ಪೋಣಿಸಿ, ಗೂಡಿನ ಚೀಟಿಯಲ್ಲಿ ತಾಯಿಯ ಸಂಖ್ಯೆ ಬರೆಯುತ್ತಿದ್ದರು.

ಕೃಷ್ಣಗಿರಿಯ ಕಾಲೇಜಿನ ಪ್ರೊಫೆಸರರೊಬ್ಬರು ಮನೆಗೆ ಬಂದು, ದುಂಬಿಗಳ ವೈಜ್ಞಾನಿಕ ಹೆಸರು ಖಚಿತಪಡಿಸಿ ಕೊಡುವುದಾಗಿ ಹೇಳಿ ಸಂಗ್ರಹ ಕೇಳಿದರು. "ಈ ಹಿಕ್ಕೆ ಯಾಕೆ ಮೇಷ್ಟ್ರೇ, ಪೆಟ್ಟಿಗೆಯೆಲ್ಲ ಗಲೀಜು," ಎಂದು ಗೂಡುಗಳನ್ನು ಚೀಟಿಸಮೇತ ಕಿತ್ತು ಮೇಜಿನ ಮೇಲೆ ಬಿಟ್ಟು, ದುಂಬಿಗಳನ್ನು ಮಾತ್ರ ಒಯ್ದರು. ಯಾವ ದುಂಬಿಗೆ ಯಾವ ತಾಯಿ ಎಂಬ ಗುರುತು ಅಲ್ಲಿಗೇ ಅಳಿಯಿತು. ಮೇಷ್ಟ್ರು ಸಂಕೋಚದ ಮನುಷ್ಯ, ತಡೆಯಲಿಲ್ಲ.

ಮರುವರ್ಷ ಪ್ರೊಫೆಸರರ ಪ್ರಬಂಧ ಬಂತು. ಚುಕ್ಕೆಯಿದ್ದದ್ದು ಒಂದು ಹೊಸ ಪ್ರಭೇದ, ಇಲ್ಲದ್ದು ಇನ್ನೊಂದು. ಮೇಷ್ಟ್ರ ಹೆಸರು ಎಲ್ಲಿಯೂ ಇರಲಿಲ್ಲ.

"ಒಡಹುಟ್ಟಿದೋರ್ನ ಬೇರೆಬೇರೆ ಜಾತಿ ಮಾಡ್ಬುಟ್ಟವ್ನಲ್ಲೋ!" ಎಂದು ಅವರು ನಕ್ಕರು. ನಾನು ನಗಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಪದಕ ಗೆದ್ದವನು ನಾನು. ಮೂರು ಪುಟಗಳ ಖಂಡನೆ ಬರೆದು ಅವರ ಮುಂದಿಟ್ಟೆ. ಓದಿ ಹಿಂದಕ್ಕೆ ಕೊಟ್ಟರು. ಆಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಬೈದ್ರೆ ಅವ್ನು ಇನ್ನೂ ದೊಡ್ಡೋನಾಯ್ತಾನೆ. ಸಾಕಿ ತೋರ್ಸು. ಆಗ ಬಾಯಿ ಮುಚ್ತಾನೆ."

ಅವರ ಸಿಟ್ಟು ನನ್ನದಕ್ಕಿಂತ ಆಳವಾದದ್ದೆಂದು ಅಂದು ತಿಳಿಯಿತು. ಚುಕ್ಕೆಯ ತಾಯಿಯೊಂದನ್ನು ಹಿಡಿದು ತಂದೆವು. ಅದು ಇಟ್ಟ ಮೊಟ್ಟೆಗಳನ್ನಷ್ಟೇ ಒಂದು ಮಡಕೆಯಲ್ಲಿ ಸಾಕಿದೆವು. ಮೇಷ್ಟ್ರಿಗೆ ಉಬ್ಬಸ, ಕುಳಿತಲ್ಲಿಂದಲೇ ಹೇಳುತ್ತಿದ್ದರು, ನಾನು ತರಗೆಲೆಗೆ ನೀರು ಚಿಮುಕಿಸುತ್ತಿದ್ದೆ. ಗೂಡುಗಳು ತೆರೆಯುವ ಹತ್ತು ದಿನ ಮೊದಲು ಅವರು ತೀರಿಕೊಂಡರು.

ಆ ಪ್ರೊಫೆಸರರಿಗೆ ಕೃಷ್ಣಗಿರಿಯಲ್ಲಿ ಸನ್ಮಾನ ನಡೆದಾಗ ಗಾಜಿನ ಡಬ್ಬಿಯೊಂದಿಗೆ ಎದ್ದು ನಿಂತೆ. "ಸಾರ್, ಇವೆಲ್ಲ ಒಂದೇ ತಾಯಿಯ ಮಕ್ಕಳು. ಚುಕ್ಕೆಯಿರುವುದೂ ಇದೆ, ಇಲ್ಲದ್ದೂ ಇದೆ. ಇವು ನಿಮ್ಮ ಎರಡು ಪ್ರಭೇದ ಹೇಗಾದವು, ಹೇಳಿ."

"ತಂಬಿ, ಕೂತ್ಕೊಪ್ಪ, ಅಪ್ಪುರಂ ಮಾತಾಡೋಣ," ಎಂದರು ತಮಿಳು ಬೆರೆಸಿ.

"ಆಮೇಲೆ ಅಂತ ಕಾಯೋಕೆ ನಮ್ಮ ಮೇಷ್ಟ್ರು ಉಳಿದಿಲ್ಲ ಸಾರ್."

ಹಾಕಿದ ಹಾರವನ್ನು ಅವರೇ ಕತ್ತಿನಿಂದ ತೆಗೆದರು. ಆ ದೃಶ್ಯ ನನಗೆ ಕೊಟ್ಟ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಮುಂದೆ ತಿದ್ದುಪಡಿಯೂ ಅಚ್ಚಾಯಿತು. ಮೇಷ್ಟ್ರ ಹೆಸರು ಅಡಿಟಿಪ್ಪಣಿಯಲ್ಲಿ, ಸಣ್ಣ ಅಕ್ಷರದಲ್ಲಿ. ನನಗದು ಸಾಲದು. ದನಿಯೆತ್ತದೆ ಹಗೆ ತೀರಿಸುವ ವಿದ್ಯೆ ಕಲಿಸಿದವರ ಋಣ ಅಷ್ಟಕ್ಕೆ ತೀರುವಂಥದಲ್ಲ. ಆ ಪ್ರೊಫೆಸರರು ಹೆಸರಿಟ್ಟ ಪ್ರಭೇದಗಳು ಇನ್ನೂ ನಾಲ್ಕಿವೆ. ಒಂದೊಂದಾಗಿ ಸಾಕುತ್ತಿದ್ದೇನೆ.